ಬ್ರೌಸರಿನಲ್ಲಿ ಜಾಡು ಹಿಡಿಯುವ ಕುಕೀಗಳನ್ನು ತಡೆಯುವ ಬಗೆ

ಒಂದು ಅಂಗಡಿಯ ಜಾಲತಾಣದಲ್ಲಿ ಮಿಕ್ಸಿ ನೋಡಿ ಬಂದಿರಿ ಎನ್ನಿ. ಆಮೇಲೆ ಸುದ್ದಿ ಓದುವಾಗಲೂ, ಕ್ರಿಕೆಟ್ ಸ್ಕೋರ್ ನೋಡುವಾಗಲೂ ಅದೇ ಮಿಕ್ಸಿಯ ಜಾಹೀರಾತು ಎದುರಾಗುತ್ತದೆ. ಇದಕ್ಕೆ ಬಳಸುವ ಉಪಾಯಗಳಲ್ಲಿ ಹಳೆಯದು, ಇಂದಿಗೂ ಚಾಲ್ತಿಯಲ್ಲಿರುವುದು ಥರ್ಡ್ ಪಾರ್ಟಿ ಕುಕೀ. ಅದನ್ನು ತಡೆಯಲು ಒಂದೆರಡು ನಿಮಿಷ ಸಾಕು. ಆದರೆ ಹೆಚ್ಚಿನವರು ಮಾಡುವುದೇ ಬೇರೆ. ಆಗಾಗ ಎಲ್ಲ ಕುಕೀಗಳನ್ನೂ ಅಳಿಸುತ್ತಾರೆ, ಎಲ್ಲ ಖಾತೆಗಳಿಂದಲೂ ಹೊರಬೀಳುತ್ತಾರೆ, ಮತ್ತೆ ಒಂದೊಂದಕ್ಕೂ ಒಟಿಪಿ ಹಾಕಿ ಒಳಬರುತ್ತಾರೆ. ಅಷ್ಟರಲ್ಲಿ ಜಾಹೀರಾತು ಕಂಪನಿ ಹೊಸ ಕುಕೀ ಇಟ್ಟಾಗಿರುತ್ತದೆ. ಮೊದಲು ತಡೆಯಿರಿ, ಅಳಿಸುವುದು ಕೊನೆಗಿರಲಿ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಕೊಟ್ಟಿದೆ.

ಯಾವ ಕುಕೀ ನಮ್ಮದು, ಯಾವುದು ಅವರದು

ಕುಕೀ ಎಂದರೆ ಜಾಲತಾಣವೊಂದು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಪಠ್ಯ. ಒಂದೊಂದೂ ಹೆಚ್ಚೆಂದರೆ ಸುಮಾರು 4 ಕಿಲೋಬೈಟ್. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ರೂಪಿಸಿದರು. ಜಾಲತಾಣದ ಖರೀದಿ ಬುಟ್ಟಿಗೆ ಹಾಕಿದ್ದನ್ನು ನೆನಪಿಡುವುದಕ್ಕೆ ಆಗ ಒಂದು ದಾರಿ ಬೇಕಿತ್ತು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ನಿನ ಹಾಗೆ, ಕುಕೀಯಲ್ಲಿ ಬಹಳ ಸಲ ಇರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಸೇರಿದ ವಿವರಗಳೆಲ್ಲ ಅವರ ಸರ್ವರಿನಲ್ಲಿರುತ್ತವೆ. ಹಾಗಾಗಿ ಕುಕೀಯನ್ನು ತೆರೆದು ನೋಡಿದರೆ ಅರ್ಥವಾಗದ ಅಕ್ಷರಗಳ ಸಾಲಷ್ಟೇ ಕಾಣುತ್ತದೆ.

ನೀವು ತೆರೆದ ಜಾಲತಾಣವೇ ಇಟ್ಟದ್ದು ಫಸ್ಟ್ ಪಾರ್ಟಿ ಕುಕೀ. ಲಾಗಿನ್ ಉಳಿಯುವುದು, ಆರಿಸಿದ ಭಾಷೆ ನೆನಪಿರುವುದು, ಬುಟ್ಟಿ ಖಾಲಿಯಾಗದಿರುವುದು ಇದರಿಂದಲೇ. ಇದನ್ನು ತಡೆದರೆ ನಷ್ಟ ನಿಮಗೇ. ಥರ್ಡ್ ಪಾರ್ಟಿ ಕುಕೀಯ ದಾರಿ ಬೇರೆ. ಸುದ್ದಿ ಪುಟದೊಳಗೆ ಜಾಹೀರಾತು ಕಂಪನಿಯ ಒಂದು ಸಣ್ಣ ಸ್ಕ್ರಿಪ್ಟ್ (ಪುಟದೊಳಗೆ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ) ಅಥವಾ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಇರುತ್ತದೆ. ಅದನ್ನು ತರಲು ನಿಮ್ಮ ಬ್ರೌಸರ್ ಆ ಕಂಪನಿಯ ಸರ್ವರಿಗೆ ಹೋಗುತ್ತದೆ. ಹೋಗುವಾಗ ಆ ಕಂಪನಿ ಹಿಂದೆ ಇಟ್ಟಿದ್ದ ಕುಕೀಯನ್ನೂ, ಯಾವ ತಾಣದಿಂದ ಬಂದೆ ಎಂಬುದನ್ನೂ ತಾನೇ ತಿಳಿಸಿಬಿಡುತ್ತದೆ. ಮಿಕ್ಸಿಯ ತಾಣದಲ್ಲೂ ಅದೇ ಕಂಪನಿಯ ಸ್ಕ್ರಿಪ್ಟ್ ಇದ್ದರೆ ಎರಡೂ ಭೇಟಿಗಳು ಒಂದೇ ಸಂಖ್ಯೆಯಡಿ ದಾಖಲಾಗುತ್ತವೆ. ಸಾವಿರಾರು ತಾಣಗಳಲ್ಲಿ ಹೀಗೆ ಇರುವ ಕಂಪನಿಗೆ ನಿಮ್ಮ ಕಾಯಿಲೆಯ ಹುಡುಕಾಟ, ಸಾಲದ ವಿಚಾರಣೆ, ಮಗಳ ಮದುವೆಗೆ ನೋಡಿದ ಒಡವೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ.

ಕಂಪ್ಯೂಟರ್ ಇದ್ದರೆ ಕಣ್ಣಾರೆ ನೋಡಬಹುದು. ಕ್ರೋಮಿನಲ್ಲಿ ಯಾವುದಾದರೂ ಸುದ್ದಿತಾಣ ತೆರೆದು ಎಫ್12 ಒತ್ತಿ, ಮೇಲಿನ ಸಾಲಿನಲ್ಲಿ ಅಪ್ಲಿಕೇಶನ್, ಎಡಗಡೆ ಕುಕೀಸ್ ಆರಿಸಿ. ಫೈರ್‌ಫಾಕ್ಸಿನಲ್ಲಿ ಅಪ್ಲಿಕೇಶನ್ ಬದಲು ಸ್ಟೋರೇಜ್ ಎಂದಿರುತ್ತದೆ. ಡೊಮೇನ್ ಎಂಬ ಕಾಲಮ್ಮಿನಲ್ಲಿ ಆ ತಾಣದ ಹೆಸರು ಬಿಟ್ಟು ಬೇರೆ ಹೆಸರುಗಳಿದ್ದರೆ ಅವೇ ಹೊರಗಿನವರು. ಪಕ್ಕದಲ್ಲಿ ಮುಗಿಯುವ ದಿನಾಂಕವೂ ಇರುತ್ತದೆ. ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸಿನ ಮುಖ್ಯ ಕುಕೀ ಎರಡು ವರ್ಷದ ಆಯಸ್ಸು ಕೇಳುತ್ತದೆ. ಕ್ರೋಮ್ 2022ರಿಂದ ಯಾವ ಕುಕೀಗೂ 400 ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ. ಆದರೆ ನೀವು ಮತ್ತೆ ಭೇಟಿ ಕೊಟ್ಟಾಗ ಆ ಎಣಿಕೆ ಹೊಸದಾಗಿ ಶುರುವಾಗಬಹುದು, ಆದ್ದರಿಂದ ದಿನವೂ ನೋಡುವ ತಾಣದ ಮಟ್ಟಿಗೆ ಈ ಮಿತಿಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮೊದಲ ಕೆಲಸ: ಥರ್ಡ್ ಪಾರ್ಟಿ ಕುಕೀ ಬಂದ್

ಆ್ಯಪಲ್‌ನ ಸಫಾರಿ 2020ರ ಮಾರ್ಚಿನಿಂದ ಇವನ್ನು ತಾನಾಗಿಯೇ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಲ್ಲಿ ಕಂಪ್ಯೂಟರ್ ಬಳಕೆದಾರರೆಲ್ಲರಿಗೂ ಪ್ರತಿ ತಾಣಕ್ಕೆ ಬೇರೆ ಬೇರೆ ಕುಕೀ ಡಬ್ಬಿ ಮಾಡಿಕೊಟ್ಟಿತು. ಒಂದು ತಾಣದೊಳಗೆ ಇಟ್ಟ ಕುಕೀ ಇನ್ನೊಂದು ತಾಣದಲ್ಲಿ ಕಾಣಿಸುವುದಿಲ್ಲ. ಕ್ರೋಮ್ ಮಾತ್ರ ಹಿಂದೆ ಉಳಿಯಿತು. ಎರಡು ವರ್ಷದಲ್ಲಿ ಇವನ್ನು ತೆಗೆದುಹಾಕುತ್ತೇವೆ ಎಂದು 2020ರ ಜನವರಿಯಲ್ಲಿ ಹೇಳಿದ ಗೂಗಲ್ ಹಲವು ಸಲ ಮುಂದೂಡಿ, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಆದ್ದರಿಂದ ಕ್ರೋಮ್ ಬಳಸುವವರು ಈ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು. ಆಂಡ್ರಾಯ್ಡ್ ಫೋನ್ ಇರುವ ಬಹುತೇಕ ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ಆಂಡ್ರಾಯ್ಡ್ ಕ್ರೋಮಿನಲ್ಲಿ ಬಲ ಮೂಲೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ಥರ್ಡ್ ಪಾರ್ಟಿ ಕುಕೀಸ್. ಕೆಲವು ಆವೃತ್ತಿಗಳಲ್ಲಿ ಇದು ಪ್ರೈವೆಸಿ ಅಂಡ್ ಸೆಕ್ಯುರಿಟಿಯ ಕೆಳಗೂ ಸಿಗುತ್ತದೆ. ಇನ್‌ಕಾಗ್ನಿಟೋದಲ್ಲಿ (ನೋಡಿದ್ದನ್ನು ಉಳಿಸಿಕೊಳ್ಳದ ಖಾಸಗಿ ಕಿಟಕಿಯಲ್ಲಿ) ಮಾತ್ರ ತಡೆ ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಅದನ್ನು ಬಿಟ್ಟು ಬ್ಲಾಕ್ ಥರ್ಡ್ ಪಾರ್ಟಿ ಕುಕೀಸ್ ಎಂಬುದನ್ನು ಆರಿಸಿ. ಸೇವ್ ಗುಂಡಿ ಇರುವುದಿಲ್ಲ, ಆರಿಸಿದ ತಕ್ಷಣ ಜಾರಿ. ಕಂಪ್ಯೂಟರಿನ ಕ್ರೋಮಿನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಥರ್ಡ್ ಪಾರ್ಟಿ ಕುಕೀಸ್. ಫೋನಿನಲ್ಲಿ ಮಾಡಿದ್ದು ಕಂಪ್ಯೂಟರಿಗೆ ತಾನಾಗಿ ಬಂದಿದೆ ಎಂದುಕೊಳ್ಳಬೇಡಿ. ಎರಡು ಕಡೆಯೂ ತೆರೆದು ನೋಡಿ. ಒಂದೇ ಕಂಪ್ಯೂಟರಿನಲ್ಲಿ ಕ್ರೋಮ್ ಪ್ರೊಫೈಲುಗಳು ಎರಡಿದ್ದರೆ ಒಂದೊಂದರಲ್ಲೂ ಬೇರೆಯಾಗಿ ಮಾಡಬೇಕು.

ಐಫೋನಿನಲ್ಲಿ ಸೆಟ್ಟಿಂಗ್ಸ್ ಒಳಗಿನ ಸಫಾರಿಗೆ ಹೋಗಿ (ಹೊಸ ಆವೃತ್ತಿಗಳಲ್ಲಿ ಅದು ಆ್ಯಪ್ಸ್ ಪಟ್ಟಿಯೊಳಗಿದೆ) ಪ್ರಿವೆಂಟ್ ಕ್ರಾಸ್-ಸೈಟ್ ಟ್ರ್ಯಾಕಿಂಗ್ ಹಸಿರಾಗಿದೆಯೇ ನೋಡಿದರೆ ಸಾಕು. ಅಲ್ಲೇ (ಹೊಸ ಆವೃತ್ತಿಗಳಲ್ಲಿ ಅಡ್ವಾನ್ಸ್ಡ್ ಒಳಗೆ) ಬ್ಲಾಕ್ ಆಲ್ ಕುಕೀಸ್ ಎಂಬ ಇನ್ನೊಂದು ಗುಂಡಿಯೂ ಸಿಗುತ್ತದೆ. ಅದನ್ನು ಒತ್ತಬೇಡಿ, ಬ್ಯಾಂಕೂ ಸೇರಿ ಯಾವ ತಾಣದಲ್ಲೂ ಲಾಗಿನ್ ನಿಲ್ಲುವುದಿಲ್ಲ. ಫೈರ್‌ಫಾಕ್ಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಮಟ್ಟವೇ ಚೆನ್ನಾಗಿದೆ, ಸ್ಟ್ರಿಕ್ಟ್ ಇನ್ನೂ ಬಿಗಿ. ಎಡ್ಜ್ ಬಳಸುವವರು ಟ್ರ್ಯಾಕಿಂಗ್ ಪ್ರಿವೆನ್ಶನ್ನಿನಲ್ಲಿ ಬ್ಯಾಲೆನ್ಸ್ಡ್ ಬದಲು ಸ್ಟ್ರಿಕ್ಟ್ ಆರಿಸಿಕೊಳ್ಳಬಹುದು.

ಇದಾದ ಮೇಲೆ ಏನು ಕೆಡಬಹುದು? ಹೆಚ್ಚಿನ ತಾಣಗಳಲ್ಲಿ ಏನೂ ಆಗುವುದಿಲ್ಲ. ಹಣ ಪಾವತಿಸುವಾಗ ಪುಟವಿಡೀ ಬ್ಯಾಂಕಿನ ತಾಣಕ್ಕೆ ಹೋದರೆ, ಆ ಹೊತ್ತಿಗೆ ಅದು ಫಸ್ಟ್ ಪಾರ್ಟಿಯೇ ಆಗಿರುತ್ತದೆ, ತೊಂದರೆಯಿಲ್ಲ. ತಡೆ ಕಾಡುವುದು ಒಂದು ಪುಟದೊಳಗೆ ಇನ್ನೊಂದು ತಾಣದ ಕಿಟಕಿ ಕೂತಿರುವ ಕಡೆ: ಕಾಲೇಜಿನ ಆನ್‌ಲೈನ್ ಪಾಠದ ಪುಟದೊಳಗಿನ ವಿಡಿಯೊ ಪದೇ ಪದೇ ಲಾಗಿನ್ ಕೇಳುವುದು, ಕಚೇರಿಯ ಪೋರ್ಟಲಿನೊಳಗಿನ ಫಾರ್ಮ್ ಬಿಳಿಯಾಗಿಯೇ ಉಳಿಯುವುದು, ಲಾಗಿನ್ ಆದ ಮರುಕ್ಷಣ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲುವುದು. ಹಾಗಾದಾಗ ತಡೆಯನ್ನೇ ತೆಗೆಯಬೇಕಿಲ್ಲ. ವಿಳಾಸದ ಪಟ್ಟಿಯಲ್ಲಿರುವ ಸಣ್ಣ ಚಿಹ್ನೆಯನ್ನು ಒತ್ತಿ ಆ ಒಂದು ತಾಣಕ್ಕೆ ಮಾತ್ರ ಥರ್ಡ್ ಪಾರ್ಟಿ ಕುಕೀ ಬಿಡಿ. ಫೈರ್‌ಫಾಕ್ಸಿನಲ್ಲಿ ಗುರಾಣಿಯ ಚಿಹ್ನೆ ಒತ್ತಿದರೆ ಆ ತಾಣಕ್ಕಷ್ಟೇ ರಕ್ಷಣೆ ಸಡಿಲವಾಗುತ್ತದೆ.

ಎರಡನೆಯದು: ಒಂದೇ ಒಂದು ಬ್ಲಾಕರ್

ಮೇಲಿನ ತಡೆ ದಾಟಿಯೂ ಕೆಲವು ಟ್ರ್ಯಾಕರ್‌ಗಳು ಉಳಿಯುತ್ತವೆ. ಗೂಗಲ್ ಅನಲಿಟಿಕ್ಸ್, ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ಪಿಕ್ಸೆಲ್ ಇವುಗಳ ಸ್ಕ್ರಿಪ್ಟುಗಳು ನೀವು ತೆರೆದ ತಾಣದ ಹೆಸರಿನಲ್ಲೇ ಕುಕೀ ಇಡುತ್ತವೆ. ಬ್ರೌಸರಿನ ಲೆಕ್ಕದಲ್ಲಿ ಅದು ಫಸ್ಟ್ ಪಾರ್ಟಿ. ಇನ್ನು ಕೆಲವು ತಾಣಗಳು ಟ್ರ್ಯಾಕಿಂಗ್ ಕಂಪನಿಯ ಸರ್ವರಿಗೆ ತಮ್ಮದೇ ಉಪವಿಳಾಸದ ಮುಸುಕು ಹಾಕಿಕೊಡುತ್ತವೆ. ಇಂಥ ಕಡೆ ಕುಕೀಯನ್ನಷ್ಟೇ ತಡೆದರೆ ಸಾಲದು, ಸ್ಕ್ರಿಪ್ಟು ಪುಟಕ್ಕೆ ಬಾರದ ಹಾಗೆ ಮಾಡಬೇಕು. ಆ ಕೆಲಸ ಮಾಡುವುದೇ ಬ್ಲಾಕರ್, ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಎಕ್ಸ್‌ಟೆನ್ಶನ್ (ಹೆಚ್ಚುವರಿ ತಂತ್ರಾಂಶ). ನಾವು ಸೂಚಿಸುವುದು ಯುಬ್ಲಾಕ್ ಆರಿಜಿನ್. ಉಚಿತ, ಮುಕ್ತ ಆಕರದ ತಂತ್ರಾಂಶ. ಫೈರ್‌ಫಾಕ್ಸಿನಲ್ಲಿ ಮುಸುಕಿನ ಉಪವಿಳಾಸವನ್ನೂ ಬಿಡಿಸಿ ನೋಡುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಇದರ ಹಗುರ ರೂಪವಾದ ಯುಬ್ಲಾಕ್ ಆರಿಜಿನ್ ಲೈಟ್ ಮಾತ್ರ ನಡೆಯುತ್ತದೆ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ.

ಫೋನಿನ ಕ್ರೋಮ್ ಎಕ್ಸ್‌ಟೆನ್ಶನ್‌ಗಳನ್ನು ಒಪ್ಪುವುದಿಲ್ಲ. ಆಂಡ್ರಾಯ್ಡಿನ ಫೈರ್‌ಫಾಕ್ಸ್ ಒಪ್ಪುತ್ತದೆ, ಅಲ್ಲಿ ಪೂರ್ಣ ರೂಪದ ಯುಬ್ಲಾಕ್ ಆರಿಜಿನ್ ಹಾಕಬಹುದು. ಬ್ರೇವ್ ಬ್ರೌಸರಿನಲ್ಲಿ ಬ್ಲಾಕರ್ ಒಳಗೇ ಇದೆ. ಸುದ್ದಿ, ಹುಡುಕಾಟಗಳಿಗೆ ಇವೆರಡರಲ್ಲಿ ಒಂದನ್ನು ಡಿಫಾಲ್ಟ್ ಬ್ರೌಸರ್ ಮಾಡಿಕೊಂಡು, ಎಲ್ಲಾದರೂ ಪುಟ ಸರಿಯಾಗಿ ಬಾರದಿದ್ದರೆ ಕ್ರೋಮ್ ತೆರೆಯುವುದು ನಮ್ಮ ಅಭಿಪ್ರಾಯದಲ್ಲಿ ಅತ್ಯುತ್ತಮ ಏರ್ಪಾಡು.

ಎಚ್ಚರಿಕೆ ಬೇಕಾದ ಜಾಗವೂ ಇದೇ. ಬ್ಲಾಕರ್ ಎಂಬುದು ನೀವು ನೋಡುವ ಪ್ರತಿ ಪುಟವನ್ನೂ ಓದಬಲ್ಲದು. ಹೆಸರು ಹೋಲುವ ನಕಲಿಗಳು ಬರುತ್ತಲೇ ಇರುತ್ತವೆ. ಯುಬ್ಲಾಕ್ ಆರಿಜಿನ್ನಿನ ಕರ್ತೃ ರೇಮಂಡ್ ಹಿಲ್ ಎಂಬ ಹೆಸರು ಡೌನ್‌ಲೋಡ್ ಪುಟದಲ್ಲಿದೆಯೇ ನೋಡಿಯೇ ಹಾಕಿಕೊಳ್ಳಿ. ಎರಡು ಬ್ಲಾಕರ್ ಒಟ್ಟಿಗೆ ಹಾಕಬೇಡಿ. ಒಂದು ತಡೆದದ್ದನ್ನು ಇನ್ನೊಂದು ಸರಿಪಡಿಸಲು ಹೋಗಿ ಪುಟ ಮುರಿಯುತ್ತದೆ, ಯಾವುದರಿಂದ ಮುರಿಯಿತು ಎಂದು ಪತ್ತೆಹಚ್ಚುವುದೂ ಕಷ್ಟ.

ಒಪ್ಪಿಗೆ ಕೇಳುವ ಪಟ್ಟಿಯ ಮುಂದೆ

ಯುರೋಪಿನ ಕಾನೂನುಗಳ ಒತ್ತಡದಿಂದ ಹುಟ್ಟಿದ ಕುಕೀ ಬ್ಯಾನರ್ ಈಗ ನಮ್ಮ ಪರದೆಯಲ್ಲೂ ಬರುತ್ತದೆ. ಬಣ್ಣದ ದೊಡ್ಡ ಗುಂಡಿ ಆಕ್ಸೆಪ್ಟ್ ಆಲ್. ತಿರಸ್ಕರಿಸುವ ಗುಂಡಿ ಮಾಸಲು ಅಕ್ಷರದಲ್ಲಿ ಮೂಲೆಗೆ ಸರಿದಿರುತ್ತದೆ, ಇಲ್ಲವೇ ಮೊದಲ ಪರದೆಯಲ್ಲಿ ಇರುವುದೇ ಇಲ್ಲ. ಇದೇ ಕಾರಣಕ್ಕೆ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಆರಂಭದಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿದ ಸುದ್ದಿ ಹೊರಬಂತು. ಒಪ್ಪುವುದಕ್ಕೆ ಒಂದೇ ಒತ್ತು, ನಿರಾಕರಿಸುವುದಕ್ಕೆ ಹಲವು ಒತ್ತು ಎಂಬುದೇ ತಪ್ಪು.

ರಿಜೆಕ್ಟ್ ಆಲ್ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಮ್ಯಾನೇಜ್ ಆಪ್ಶನ್ಸ್ ತೆರೆಯಿರಿ. ಅಲ್ಲಿ ಕನ್ಸೆಂಟ್ ಎಂಬ ಕಡೆ ಗುಂಡಿಗಳು ಆಫ್ ಆಗಿರುವುದನ್ನು ಕಂಡು ಸಮಾಧಾನಪಟ್ಟು ಮುಂದೆ ಹೋಗುವವರೇ ಹೆಚ್ಚು. ಪಕ್ಕದಲ್ಲೇ ಲೆಜಿಟಿಮೇಟ್ ಇಂಟರೆಸ್ಟ್ (ನಿಮ್ಮ ಒಪ್ಪಿಗೆ ಇಲ್ಲದೆಯೂ ಬಳಸಲು ತಮಗೆ ಕಾರಣವಿದೆ ಎಂಬ ಕಂಪನಿಯ ವಾದ) ಎಂಬ ಇನ್ನೊಂದು ಸಾಲು ಇರುತ್ತದೆ, ಅಲ್ಲಿನ ಗುಂಡಿಗಳು ಮೊದಲೇ ಆನ್ ಆಗಿರುತ್ತವೆ. ಆಬ್ಜೆಕ್ಟ್ ಆಲ್ ಒತ್ತಿ ಅವನ್ನೂ ಆಫ್ ಮಾಡಬೇಕು. ವೆಂಡರ್ಸ್ (ಹೊರಗಿನ ಕಂಪನಿಗಳು) ಎಂಬ ಪಟ್ಟಿಯಲ್ಲೂ ಇದನ್ನೇ ಮಾಡಬೇಕಾಗಬಹುದು. ಕೊನೆಗೆ ಸೇವ್ ಅಥವಾ ಕನ್ಫರ್ಮ್ ಚಾಯ್ಸಸ್. ಅದರ ಪಕ್ಕದಲ್ಲೇ ಇನ್ನೂ ದಪ್ಪಗೆ ಆಕ್ಸೆಪ್ಟ್ ಆಲ್ ಕೂತಿರುತ್ತದೆ, ಬೆರಳು ಅತ್ತ ಜಾರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ನೀವು ಬೇಡ ಎಂದದ್ದೂ ಒಂದು ಕುಕೀಯಲ್ಲೇ ದಾಖಲಾಗುತ್ತದೆ. ಎಲ್ಲ ಕುಕೀ ಅಳಿಸಿದರೆ ಆ ಉತ್ತರವೂ ಅಳಿಸಿಹೋಗಿ ಬ್ಯಾನರ್ ಮರಳಿ ಬರುತ್ತದೆ. ದಿನಾ ಅಳಿಸುವವರು ದಿನಾ ಉತ್ತರಿಸಬೇಕು, ನಾಲ್ಕನೆಯ ದಿನ ಬೇಸತ್ತು ಒಪ್ಪಿಬಿಡುತ್ತಾರೆ. ಬ್ಯಾನರಿನ ಉತ್ತರವನ್ನು ತಾಣ ಗೌರವಿಸುತ್ತದೆ ಎಂಬುದು ನಂಬಿಕೆಯ ಮಾತು, ಬ್ರೌಸರಿನ ತಡೆ ಮಾತ್ರ ನಿಮ್ಮ ಕೈಯಲ್ಲೇ ಇರುತ್ತದೆ. ಹಾಗಾಗಿಯೇ ಅದನ್ನು ಮೊದಲು ಹೇಳಿದ್ದು. ಯುಬ್ಲಾಕ್ ಆರಿಜಿನ್ನಿನ ಫಿಲ್ಟರ್ ಲಿಸ್ಟ್ಸ್ ಪುಟದಲ್ಲಿ ಕುಕೀ ನೋಟಿಸಸ್ ಎಂಬ ಗುಂಪನ್ನು ಆರಿಸಿಕೊಂಡರೆ ಬಹುಪಾಲು ಬ್ಯಾನರುಗಳು ಕಾಣಿಸಿಕೊಳ್ಳುವುದೇ ಇಲ್ಲ. ಅಪರೂಪಕ್ಕೆ ಒಂದು ಪುಟ ಸ್ಕ್ರೋಲ್ ಆಗದೆ ಸಿಕ್ಕಿಕೊಳ್ಳುತ್ತದೆ. ಆಗ ಆ ತಾಣಕ್ಕೆ ಮಾತ್ರ ಬ್ಲಾಕರ್ ನಿಲ್ಲಿಸಿ, ಬ್ಯಾನರಿಗೆ ಉತ್ತರ ಕೊಟ್ಟು, ಮತ್ತೆ ಚಾಲೂ ಮಾಡಿ.

ಕನ್ನಡಿಗರಿಗೆ ಇಲ್ಲಿ ಒಂದು ಹಕ್ಕು ಬರಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶ ಇರಬೇಕು, ಎಂದರೆ ಕನ್ನಡದಲ್ಲೂ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ. ಆಗ ಕನ್ನಡದ ಆಯ್ಕೆ ಕೊಡದ ತಾಣಕ್ಕೆ ಅದನ್ನು ಕೇಳಿ ಬರೆಯಿರಿ. ಕೇಳುವವರಿಲ್ಲದಿದ್ದರೆ ಆ ಸಾಲು ಕಾಗದದ ಮೇಲೇ ಉಳಿಯುತ್ತದೆ.

ಕುಕೀ ಇಲ್ಲದೆಯೂ ಗುರುತು ಸಿಗುವ ದಾರಿಗಳು

ಎಲ್ಲ ಸರಿಯಾಗಿ ಮಾಡಿದ ಮೇಲೂ ಆ ಮಿಕ್ಸಿ ಜಾಹೀರಾತು ಬಂದರೆ ಕಾರಣ ಬಹುಮಟ್ಟಿಗೆ ಲಾಗಿನ್. ಗೂಗಲ್ ಖಾತೆಯಲ್ಲಿದ್ದುಕೊಂಡು ಹುಡುಕಿದರೆ ಗೂಗಲ್‌ಗೆ ಹೊರಗಿನ ಕುಕೀ ಬೇಕಿಲ್ಲ. ಗೂಗಲ್ ಖಾತೆಯ ಡೇಟಾ ಅಂಡ್ ಪ್ರೈವೆಸಿ ಪುಟದಲ್ಲಿ ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ ಆಫ್ ಮಾಡಿ, ಅಥವಾ ಆಟೋ ಡಿಲೀಟ್ ಅನ್ನು 3 ತಿಂಗಳಿಗೆ ಇಡಿ (ಇರುವ ಆಯ್ಕೆಗಳು 3, 18, 36 ತಿಂಗಳು). ಮೈ ಆ್ಯಡ್ ಸೆಂಟರಿನಲ್ಲಿ ಪರ್ಸನಲೈಸ್ಡ್ ಆ್ಯಡ್ಸ್ ಆಫ್. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇರುವವರು ಅಕೌಂಟ್ಸ್ ಸೆಂಟರಿನಲ್ಲಿ ಮೆಟಾದ ಹೊರಗಿನ ಚಟುವಟಿಕೆಯ ಭಾಗಕ್ಕೆ ಹೋಗಿ ಹಿಂದಿನದನ್ನು ಅಳಿಸಿ, ಮುಂದಿನದನ್ನು ಡಿಸ್ಕನೆಕ್ಟ್ ಮಾಡಿ. ಎರಡೂ ಬೇರೆ ಬೇರೆ ಆಯ್ಕೆ. ಅಳಿಸುವುದನ್ನು ಮಾತ್ರ ಮಾಡಿದರೆ ನಾಳೆಯಿಂದ ಮತ್ತೆ ತುಂಬುತ್ತದೆ.

ಇದಕ್ಕಿಂತ ಗಟ್ಟಿಯಾದ ಗುರುತು ನಿಮ್ಮ ಮೊಬೈಲ್ ನಂಬರ್. ಅಂಗಡಿಗಳು ಗ್ರಾಹಕರ ನಂಬರ್ ಮತ್ತು ಇಮೇಲನ್ನು ಸಂಕೇತರೂಪಕ್ಕೆ ತಿರುಗಿಸಿ ಜಾಹೀರಾತು ಕಂಪನಿಗೆ ನೇರವಾಗಿ ತಮ್ಮ ಸರ್ವರಿನಿಂದಲೇ ಕಳಿಸಬಹುದು. ಆ ಕಡೆಯೂ ಅದೇ ನಂಬರನ್ನು ಅದೇ ರೀತಿ ತಿರುಗಿಸಿದಾಗ ಎರಡೂ ಹೊಂದಿಕೊಳ್ಳುತ್ತವೆ. ಇದು ನಿಮ್ಮ ಬ್ರೌಸರಿನ ಮೂಲಕ ಹಾದುಹೋಗುವುದೇ ಇಲ್ಲ, ಹಾಗಾಗಿ ಯಾವ ಬ್ಲಾಕರಿಗೂ ಸಿಗುವುದಿಲ್ಲ. ಬಿಲ್ ಕೌಂಟರಿನಲ್ಲಿ ನಂಬರ್ ಕೇಳಿದಾಗ ಕೊಡುವುದಿಲ್ಲ ಎನ್ನಬಹುದು. ನಂಬರ್ ಕೊಡಲೇಬೇಕೆಂದು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಇಮೇಲ್ ಕೇಳುವ ಕಡೆ ಫೈರ್‌ಫಾಕ್ಸ್ ರಿಲೇ ಅಥವಾ ಆ್ಯಪಲ್‌ನ ಹೈಡ್ ಮೈ ಇಮೇಲ್ ಕೊಡುವ ಬದಲಿ ವಿಳಾಸ ಬಳಸಿ. ಜಿಮೇಲ್ ವಿಳಾಸದಲ್ಲಿ ಪ್ಲಸ್ ಚಿಹ್ನೆ ಸೇರಿಸುವ ಉಪಾಯವನ್ನು ನೆಚ್ಚಬೇಡಿ. ಪ್ಲಸ್‌ನಿಂದ ಮುಂದಿನದನ್ನು ಕತ್ತರಿಸಿದರೆ ಮೂಲ ವಿಳಾಸ ಸಿಕ್ಕಿಬಿಡುತ್ತದೆ.

ಆ್ಯಪ್‌ಗಳಲ್ಲಿ ಕುಕೀಯ ಜಾಗದಲ್ಲಿ ಅಡ್ವರ್ಟೈಸಿಂಗ್ ಐಡಿ ಕೆಲಸ ಮಾಡುತ್ತದೆ. ಆಂಡ್ರಾಯ್ಡಿನ ಸೆಟ್ಟಿಂಗ್ಸ್, ಪ್ರೈವೆಸಿ, ಆ್ಯಡ್ಸ್‌ಗೆ ಹೋಗಿ ಡಿಲೀಟ್ ಅಡ್ವರ್ಟೈಸಿಂಗ್ ಐಡಿ ಒತ್ತಿ. ಆಮೇಲೆ ಆ್ಯಪ್‌ಗಳಿಗೆ ಆ ಜಾಗದಲ್ಲಿ ಬರೀ ಸೊನ್ನೆಗಳ ಸಾಲು ಕಾಣುತ್ತದೆ. ರೀಸೆಟ್ ಎಂಬುದು ಬೇರೆ, ಅದು ಹೊಸ ಸಂಖ್ಯೆ ಕೊಡುತ್ತದೆ. ಐಫೋನಿನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಟ್ರ್ಯಾಕಿಂಗ್, ಅಲ್ಲಿನ ಒಂದೇ ಗುಂಡಿ ಆಫ್. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಲಿಂಕ್ ಒತ್ತಿದಾಗ ಪುಟ ಆ ಆ್ಯಪಿನೊಳಗೇ ತೆರೆಯುತ್ತದೆ, ನಿಮ್ಮ ಬ್ರೌಸರಿನ ತಡೆಗಳು ಅಲ್ಲಿಲ್ಲ. ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರಿನಲ್ಲಿ ತೆರೆಯಿರಿ, ಖರೀದಿ ಮಾಡುವುದಿದ್ದರೆ ಖಂಡಿತ ಹಾಗೆ ಮಾಡಿ.

ವಾಟ್ಸ್‌ಆ್ಯಪಿನಲ್ಲಿ ಹಂಚುವ ಲಿಂಕುಗಳನ್ನೂ ಗಮನಿಸಿ. ಯೂಟ್ಯೂಬಿನ ಶೇರ್ ಗುಂಡಿ ಕೊಡುವ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ಉದ್ದನೆಯ ಅಕ್ಷರಗಳಿರುತ್ತವೆ. ಯಾರು ಹಂಚಿದ ಲಿಂಕ್ ಎಂಬುದನ್ನು ಕೂಡಿಸಿ ನೋಡಲು ಇಂಥ ಬಾಲ ನೆರವಾಗುತ್ತದೆ. ಚಿಕ್ಕ ರೂಪದ ಯೂಟ್ಯೂಬ್ ಲಿಂಕಿನಲ್ಲಿ ಆ ಚಿಹ್ನೆಯಿಂದ ಮುಂದಿನದನ್ನೆಲ್ಲ ಅಳಿಸಿ ಕಳಿಸಿದರೂ ವಿಡಿಯೊ ತೆರೆಯುತ್ತದೆ. ಬೇರೆ ತಾಣಗಳಲ್ಲಿ ಪ್ರಶ್ನಾರ್ಥಕದ ನಂತರವೇ ಪುಟದ ಸಂಖ್ಯೆ ಇರಬಹುದು, ಅಳಿಸಿದ ಮೇಲೆ ಒಮ್ಮೆ ತೆರೆದು ನೋಡಿ.

ಇನ್‌ಕಾಗ್ನಿಟೋ ಕಿಟಕಿ ಮುಚ್ಚಿದಾಗ ಕುಕೀ ಹೋಗುತ್ತದೆ ನಿಜ, ಎಲ್ಲ ಇನ್‌ಕಾಗ್ನಿಟೋ ಕಿಟಕಿಗಳನ್ನೂ ಮುಚ್ಚಿದರೆ ಮಾತ್ರ. ಒಳಗೆ ಲಾಗಿನ್ ಆದರೆ ಗುರುತು ಸಿಕ್ಕಂತೆಯೇ. ಬೇರೊಂದು ಸರ್ವರಿನ ಮೂಲಕ ನಿಮ್ಮನ್ನು ಜಾಲಕ್ಕೆ ಸೇರಿಸುವ ವಿಪಿಎನ್, ಐಪಿ ವಿಳಾಸವನ್ನಷ್ಟೇ (ಜಾಲದಲ್ಲಿ ನಿಮ್ಮ ಸಂಪರ್ಕಕ್ಕಿರುವ ಸಂಖ್ಯೆ) ಬದಲಿಸುತ್ತದೆ, ಕುಕೀಯನ್ನು ಮುಟ್ಟುವುದಿಲ್ಲ. ಪರದೆಯ ಅಳತೆ, ಫಾಂಟುಗಳು, ಗ್ರಾಫಿಕ್ಸ್ ಚಿಪ್ ಇವನ್ನೆಲ್ಲ ಕೂಡಿಸಿ ಬ್ರೌಸರನ್ನು ಗುರುತಿಸುವ ವಿಧಾನವೂ ಇದೆ. ನಿಮ್ಮ ಬ್ರೌಸರ್ ಎಷ್ಟು ಎದ್ದುಕಾಣುತ್ತದೆ ಎಂದು ತಿಳಿಯಲು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಕವರ್ ಯುವರ್ ಟ್ರ್ಯಾಕ್ಸ್ ಪುಟದಲ್ಲಿ ಪರೀಕ್ಷಿಸಬಹುದು. ಬೇಡದ ಎಕ್ಸ್‌ಟೆನ್ಶನ್‌ಗಳನ್ನು ತೆಗೆದುಹಾಕುವುದು, ಬ್ರೌಸರನ್ನು ಅಪ್‌ಡೇಟ್ ಮಾಡಿಕೊಳ್ಳುವುದು ಇಲ್ಲಿ ಸುಲಭದ ಪರಿಹಾರ.

ಇನ್ನು ಅಳಿಸುವ ಕೆಲಸ

ತಡೆ ಹಾಕಿದ ಮೇಲೆ ಹಳೆಯ ಕುಕೀಗಳನ್ನು ಒಮ್ಮೆ ಗುಡಿಸಿಬಿಡಿ. ಕ್ರೋಮಿನ ಡಿಲೀಟ್ ಬ್ರೌಸಿಂಗ್ ಡೇಟಾದಲ್ಲಿ ಅವಧಿಯನ್ನು ಆಲ್ ಟೈಮ್ ಮಾಡಿ, ಕುಕೀಸ್ ಅಂಡ್ ಅದರ್ ಸೈಟ್ ಡೇಟಾ ಎಂಬುದಕ್ಕೆ ಮಾತ್ರ ಟಿಕ್ ಇಡಿ. ಕುಕೀಯ ಹೊರಗೆ ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಅಡಗಿಸಿದ ಗುರುತೂ ಇದರಿಂದಲೇ ಹೋಗುತ್ತದೆ. ಕೆಳಗೆ ಪಾಸ್‌ವರ್ಡ್‌ಗಳ ಸಾಲು ಕಂಡರೆ ಅದರ ಟಿಕ್ ತೆಗೆಯಲು ಮರೆಯಬೇಡಿ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್ ಅಳಿಸಿದರೆ ಖಾತೆಯ ಜತೆ ಸಿಂಕ್ ಆಗಿರುವ ಫೋನಿನಿಂದಲೂ ಹೋಗಬಹುದು. ಬ್ಯಾಂಕಿನ ತಾಣ ಮೊದಲ ಸಲ ನಿಮ್ಮನ್ನು ಹೊಸ ಸಾಧನ ಎಂದು ಭಾವಿಸಿ ಹೆಚ್ಚಿನ ಪ್ರಶ್ನೆ ಕೇಳಬಹುದು, ಗಾಬರಿ ಬೇಡ. ಪಾವತಿಯ ನಡುವೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಆಮೇಲೆ ಒಂದು ತಾಣ ಕಾಡಿದಾಗ ಅದರ ಡೇಟಾವನ್ನಷ್ಟೇ ವಿಳಾಸದ ಪಕ್ಕದ ಚಿಹ್ನೆಯಿಂದ ಅಳಿಸಿದರೆ ಸಾಕು.

ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ

ಸೇವಾ ಸಿಂಧು ಅರ್ಜಿ, ಡಿಜಿಲಾಕರ್, ಪರೀಕ್ಷೆಯ ಶುಲ್ಕ ಎಂದು ಸೈಬರ್ ಸೆಂಟರಿಗೆ ಹೋದಾಗ ಕುಕೀಯ ವಿಷಯ ಜಾಹೀರಾತನ್ನು ಮೀರುತ್ತದೆ. ಲಾಗಿನ್ ಕುಕೀ ಯಾರ ಕೈಗೆ ಸಿಕ್ಕಿತೋ ಅವರು ಪಾಸ್‌ವರ್ಡ್, ಒಟಿಪಿ ಎರಡೂ ಇಲ್ಲದೆ ನಿಮ್ಮ ಖಾತೆಯೊಳಗೆ ಇರಬಲ್ಲರು. ಟ್ಯಾಬ್ ಮುಚ್ಚಿದರೆ ಲಾಗ್‌ಔಟ್ ಆಗುವುದಿಲ್ಲ. ಬ್ರೌಸರ್ ಮುಚ್ಚಿದಾಗ ಹೋಗಬೇಕಾದ ತಾತ್ಕಾಲಿಕ ಕುಕೀಗಳೂ, ಹಿಂದೆ ಬಿಟ್ಟಲ್ಲಿಂದ ಮುಂದುವರಿಸು ಎಂಬ ಆಯ್ಕೆ ಆನ್ ಇದ್ದರೆ, ಮರುದಿನ ಮರಳಿ ಬರುತ್ತವೆ.

ಕೂತ ಕೂಡಲೇ ಕ್ರೋಮಿನ ಬಲ ಮೂಲೆಯ ಪ್ರೊಫೈಲ್ ಚಿತ್ರ ಒತ್ತಿ ಗೆಸ್ಟ್ ಕಿಟಕಿ ತೆರೆಯಿರಿ. ಅಂಗಡಿಯವರ ಪ್ರೊಫೈಲಿನಲ್ಲಿರುವ ಎಕ್ಸ್‌ಟೆನ್ಶನ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ, ಮುಚ್ಚಿದಾಗ ಕುಕೀಗಳೂ ಉಳಿಯುವುದಿಲ್ಲ. ಕಂಪ್ಯೂಟರಿನಲ್ಲೇ ಕದಿಯುವ ವೈರಸ್ ಕೂತಿದ್ದರೆ ಗೆಸ್ಟ್ ಕಿಟಕಿಯಿಂದಲೂ ರಕ್ಷಣೆಯಿಲ್ಲ, ಆದ್ದರಿಂದ ಬ್ಯಾಂಕ್ ಖಾತೆಗೆ ಅಲ್ಲಿ ಲಾಗಿನ್ ಆಗಬೇಡಿ, ಶುಲ್ಕವನ್ನು ನಿಮ್ಮ ಫೋನಿನ ಯುಪಿಐನಿಂದ ಕಟ್ಟಿ. ಕೆಲಸ ಮುಗಿದ ಮೇಲೆ ಪ್ರತಿ ತಾಣದಲ್ಲೂ ಲಾಗ್‌ಔಟ್ ಒತ್ತಿ. ಆಗ ಸರ್ವರಿನ ಕಡೆಯಿಂದಲೂ ಆ ಲಾಗಿನ್ ಮುಗಿಯಬೇಕು. ಬಳಿಕ ಕಿಟಕಿ ಮುಚ್ಚಿ, ಡೌನ್‌ಲೋಡ್ ಆದ ಆಧಾರ್, ಅಂಕಪಟ್ಟಿ ಕಡತಗಳನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಪ್ರಿಂಟಿಗಾಗಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಫೋನಿನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಆ ಕಂಪ್ಯೂಟರನ್ನು ಲಾಗ್‌ಔಟ್ ಮಾಡಿ. ಜಿಮೇಲ್ ತೆರೆದಿದ್ದರೆ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಯುವರ್ ಡಿವೈಸಸ್ ನೋಡಿ, ಪರಿಚಯವಿಲ್ಲದ ಸಾಧನ ಇದ್ದರೆ ಅಲ್ಲಿಂದಲೇ ಸೈನ್ ಔಟ್ ಒತ್ತಿ, ಆಮೇಲೆ ಪಾಸ್‌ವರ್ಡನ್ನೂ ಬದಲಿಸಿ.